ಬಿಳಿ ಇಟ್ಟಿಗೆ

ಗೃಹಪ್ರವೇಶದ ಹಾಲನ್ನು ಫೈರ್‌ಪ್ಲೇಸಿನೊಳಗೇ ಉಕ್ಕಿಸುತ್ತಾರೆಂದು ಗೊತ್ತಾದಾಗ ಮುಖ್ತಾರ್ ಅಹಮದರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅದನ್ನು ಕಟ್ಟಿದವರು ಅವರೇ. ಗುಬ್ಬಿ, ಕುಣಿಗಲ್ ಕಡೆಯ ಬೇಕರಿಗಳಿಗೆ ಮೂವತ್ತು ವರ್ಷ ಭಟ್ಟಿ ಕಟ್ಟಿದ ಕೈ. ಯಾವ ಬೇಕರಿಯವನೂ ಅವರನ್ನು ಇಷ್ಟು ಗೋಳು ಹೊಯ್ದುಕೊಂಡಿರಲಿಲ್ಲ.

ದೇವರಾಯನದುರ್ಗದ ರಸ್ತೆಯ ಈ ಹೊಸ ಮನೆಯ ಯಜಮಾನ ಗುರುಪ್ರಸಾದ್‌ಗೆ ದಿನಕ್ಕೊಂದು ವಿಡಿಯೊ, ದಿನಕ್ಕೊಂದು ಜ್ಞಾನೋದಯ. ಬೆಂಕಿಯ ಶಾಖ ಕೆಳಗಿನ ಮರದ ನೆಲಕ್ಕೆ ಇಳಿಯಬಾರದು, ಅದಕ್ಕೆ ಏನು ಹಾಕುವುದು? ಒಂದು ದಿನ ಗಾಜಿನ ಉಣ್ಣೆ ಅನ್ನುವುದು, ಮಾರನೆಯ ದಿನ ಅದು ಬೇಡ, ಯಾವುದೋ ಬೋರ್ಡು ಅನ್ನುವುದು. ಥರ್ಮೋಕೋಲು ಅಂದ ದಿನವಂತೂ ಮುಖ್ತಾರ್ ಕರಣೆ ಕೆಳಗಿಟ್ಟು ಟೀ ಕುಡಿಯಲು ಹೊರಟುಹೋಗಿದ್ದರು. ಕೊನೆಗೆ ಗುರುಪ್ರಸಾದ್ ಆರಿಸಿದ್ದು ಕಾರ್ಖಾನೆಯ ಕುಲುಮೆಗಳಿಗೆ ಹಾಕುವ ಹಗುರವಾದ ಬಿಳಿ ಇಟ್ಟಿಗೆ. ಅದು ಶಾಖ ತಡೆಯುವುದೇನೋ ನಿಜ, ಆದರೆ ಮೈಯೆಲ್ಲ ತೂತು, ನೀರು ಬಿದ್ದರೆ ಹೀರಿಬಿಡುತ್ತದೆ, ಮೇಲೊಂದು ಕಲ್ಲುಚಪ್ಪಡಿ ಹೊದಿಸೋಣ ಎಂದು ಮುಖ್ತಾರ್ ಅಂಗಲಾಚಿದರು. ಬಿಳಿ ಬಣ್ಣ ಮುಚ್ಚಿಹೋಗುತ್ತದೆಂದು ಗುರುಪ್ರಸಾದ್ ಒಪ್ಪಲಿಲ್ಲ.

ಈಗ ನೋಡಿದರೆ, ಪುರೋಹಿತರು ಅದೇ ಆಗ್ನೇಯ ಮೂಲೆ ಅಂದರಂತೆ. ಗುರುಪ್ರಸಾದ್ ತಾಯಿ ತುಳಸಮ್ಮ ಆಗಲೇ ಬೆಂಕಿಯ ಮುಂದೆ ಕೂತುಬಿಟ್ಟಿದ್ದರು. ಹಿಂದಿನ ಮನೆಯಲ್ಲಿ ಹಾಲು ದಕ್ಷಿಣಕ್ಕೆ ಹರಿದಿತ್ತು, ಅದೇ ವರ್ಷ ಗಂಡ ತೀರಿಹೋಗಿದ್ದರು. ಇಲ್ಲಿ ಪೂರ್ವಕ್ಕೆ ಹರಿಯದಿದ್ದರೆ ಒಂದು ದಿನವೂ ಇರುವುದಿಲ್ಲ, ಮಗಳ ಮನೆಗೆ ಹೋಗುತ್ತೇನೆ ಎಂದು ಆಕೆ ಮೊದಲೇ ಹೇಳಿದ್ದರು.

ಹಾಲು ಉಕ್ಕಿತು. ನೆಂಟರೆಲ್ಲ ಬಗ್ಗಿ ನೋಡಿದರು. ಪಾತ್ರೆಯ ಅಂಚಿನಿಂದ ಇಳಿದ ಹಾಲು ಇಟ್ಟಿಗೆಯನ್ನು ಮುಟ್ಟಿದ್ದೇ ತಡ, ಮಾಯ. ಪೂರ್ವಕ್ಕೂ ಇಲ್ಲ, ದಕ್ಷಿಣಕ್ಕೂ ಇಲ್ಲ. ಗುರುಪ್ರಸಾದ್ ಮುಖ ಬಿಳಿಚಿಕೊಂಡಿತು.

ತುಳಸಮ್ಮ ತಿರುಗಿದ್ದು ಮುಖ್ತಾರ್ ಕಡೆಗೆ. "ಕಟ್ಟಿದೋನು ನೀನು. ಹಾಲು ಎತ್ಲಾಗ್ ಹೋಯ್ತಪ್ಪ?"

ನಾನು ಬಡ್ಕೊಂಡೆ, ನಿಮ್ಮ ಮಗ ಕೇಳಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಎರಡು ತಿಂಗಳ ಸಿಟ್ಟು ಅದು. ಆದರೆ ಆಕೆ ಇನ್ನೂ ಇಟ್ಟಿಗೆಯ ಮೇಲೆ ಹಾಲಿನ ಗುರುತು ಹುಡುಕುತ್ತಿದ್ದರು. ಮುಖ್ತಾರ್ ಮಾತು ನುಂಗಿಕೊಂಡರು.

"ಮನೆ ಒಳಕ್ಕೇ ಇಳೀತಮ್ಮ. ಒಂದ್ ಹನೀನೂ ಆಚೆ ಹೋಗ್ಲಿಲ್ಲ."

ತುಳಸಮ್ಮನ ಮುಖ ಅರಳಿತು. ನೆಂಟರೂ ಹೌದು ಹೌದು ಎಂದು ತಲೆಯಾಡಿಸಿದರು. ಗುರುಪ್ರಸಾದ್ ಮೆಲ್ಲಗೆ ಮುಖ್ತಾರರನ್ನು ಪಕ್ಕಕ್ಕೆ ಕರೆದು, ಎರಡು ದಿನ ಬಿಟ್ಟರೆ ಹಾಲು ನಾರುತ್ತದೆ, ನಾಳೆಯೇ ಬಂದು ಇಟ್ಟಿಗೆ ಬದಲಾಯಿಸಿಬಿಡಿ ಎಂದು ಪಿಸುಗುಟ್ಟಿದರು.

ತುಳಸಮ್ಮನ ಕಿವಿ ಚುರುಕು. ಒದ್ದೆ ಇಟ್ಟಿಗೆಗೆ ಅರಿಶಿನ ಕುಂಕುಮ ಇಡುತ್ತಲೇ ಮಗನಿಗೆ ಹೇಳಿದರು:

"ಇದನ್ನ ಯಾರೂ ಮುಟ್‌ಕೂಡ್ದು ಕಣೋ. ಹಾಲು ಇಳಿದಿರೋ ಜಾಗ. ಇನ್ಮೇಲೆ ಇಲ್ಲಿ ಬೆಂಕಿನೂ ಹಾಕ್‌ಕೂಡ್ದು."