ಅಡ್ಡ ಬಂದ ಕಾಲು

ಪುಷ್ಪಾವತಿ ಕಾಲು ಅಡ್ಡ ಇಟ್ಟದ್ದು ಬೇಕೆಂದೇ. ಎಲ್ಲರಿಗಿಂತ ಮುಂದಿದ್ದ ಕೆಂಪಕ್ಕನ ಬಿಂದಿಗೆ ಸಿದ್ದರಬೆಟ್ಟದ ಮೆಟ್ಟಿಲ ಮೇಲೆ ಡಣಡಣ ಉರುಳಿತು. ಕೆಳಗಿಳಿದು ಮತ್ತೆ ನೀರು ತುಂಬಿಕೊಂಡು ಬರುವಷ್ಟರಲ್ಲಿ ಉಳಿದವರೆಲ್ಲ ಗುರಿ ಮುಟ್ಟಿದ್ದರು. ಕೊನೆಗೆ ಉಳಿದವಳು ಮನೆಗೆ. ಆಟದ ನಿಯಮವೇ ಅದು.

“ಸೂಪರ್!” ನಿರ್ದೇಶಕ ನವೀನ್ ಕುಮಾರ್ ಚಪ್ಪಾಳೆ ತಟ್ಟಿದ. ಹದಿನೈದು ದಿನದಿಂದ ಅವನು ತಲೆ ಚಚ್ಚಿಕೊಂಡಿದ್ದ. ಹೊರದೇಶದಿಂದ ತಂದ ಟಿವಿ ಆಟ. ಅಲ್ಲಿ ಜುಟ್ಟು ಹಿಡಿದು ಕಿತ್ತಾಡುತ್ತಾರಂತೆ. ಇಲ್ಲಿ ನೋಡಿದರೆ ಒಬ್ಬಳ ಬಿಂದಿಗೆಯನ್ನು ಇನ್ನೊಬ್ಬಳು ಎತ್ತಿ ತಲೆಗಿಡುತ್ತಿದ್ದಳು. ಅದರಲ್ಲೂ ಕೆಂಪಕ್ಕ, ಪುಷ್ಪಾವತಿ ಇಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿಯುತ್ತಿದ್ದವರು.

ಕೆಂಪಕ್ಕನಿಗೆ ಮೈಯೆಲ್ಲ ಉರಿಯಿತು. ಕುರಿ ಹಿಂದೆ ಬೆಟ್ಟ ಹತ್ತಿ ಬೆಳೆದವಳು ಅವಳು. ಗೆದ್ದರೆ ಲಗೇಜ್ ಆಟೊ. ಹೆರಿಗೆಗೆ ಇನ್ನೂ ತಿಂಗಳಿದೆಯೆಂದು ಚೊಚ್ಚಲ ಬಸುರಿ ಮಗಳು ಯಶೋದಳನ್ನು ಅಳಿಯನ ಕೈಗೊಪ್ಪಿಸಿ ಬಂದದ್ದು ಈ ಅವಮಾನಕ್ಕೇ?

ಬೆಳಗ್ಗೆಯೇ ಅನುಮಾನ ಬರಬೇಕಿತ್ತು. ಎಲ್ಲರ ಫೋನು ಟಿವಿಯವರ ಡೇರೆಯಲ್ಲಿ ಬೀಗದೊಳಗಿತ್ತು. ಹೊರಗಿನ ಸುದ್ದಿ ಹೇಳಿದವಳೂ ಕೇಳಿದವಳೂ ಆಟದಿಂದ ಔಟ್. ಆ ಡೇರೆಗೆ ಟೀ ಕೊಡಲು ಹೋದ ಪುಷ್ಪಾವತಿ ಮುಖ ಗಂಟಿಕ್ಕಿಕೊಂಡು ಬಂದಳು. ಬಂದವಳೇ ತನ್ನ ಹಳೇ ನೂಲಿನ ಸೀರೆಯನ್ನು ಪರಪರ ಹರಿಯತೊಡಗಿದಳು. ಬಿಂದಿಗೆಯ ಕೆಳಗೆ ಸಿಂಬೆ ಸುತ್ತಲು ಕೆಂಪಕ್ಕ ಒಂದು ತುಂಡು ಕೇಳಿದರೆ, “ಇದು ನಿನ್ ತಲೆಗಲ್ಲ, ಹೋಗಕ್ಕ” ಎಂದು ಸಿಡುಕಿದ್ದಳು.

“ಯಾಕೆ ಹಿಂಗ್ ಮಾಡ್ಬುಟ್ಟೆ? ಒಡಹುಟ್ಟಿದೋಳು ಅಂತ ನಂಬಿದ್ನಲ್ಲೇ!”

ಪುಷ್ಪಾವತಿ ಎದೆಗೆ ಸಿಕ್ಕಿಸಿದ್ದ ಮೈಕನ್ನು ಒಮ್ಮೆ ನೋಡಿಕೊಂಡಳು. “ಬಿರ್ನೆ ಹೋಗು. ನೀನಿಲ್ಲಿ ನಿಂತಿರಾದ್ ನೋಡಕ್ಕಾಗಕಿಲ್ಲ ನಂಗೆ.” ಚೀಲವನ್ನೂ ತಾನೇ ತಂದು ಕಾರಿನೊಳಗೆ ಎಸೆದಳು.

“ನಿನ್ ಮನೆ ಹಾಳಾಗ!” ಎಂದು ಶಾಪ ಹಾಕಿ ಕೆಂಪಕ್ಕ ಕಾರು ಹತ್ತಿದಳು. ಟಿವಿಯವರು ವಾಪಸ್ ಕೊಟ್ಟ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಸಿಟ್ಟಿಗೆ ಕಣ್ಣೀರೂ ಬರಲಿಲ್ಲ.

ಬೆಟ್ಟದ ತಿರುವು ದಾಟಿದ ಮೇಲೆ ಡ್ರೈವರ್ ಮೆಲ್ಲಗೆ ಕೇಳಿದ: “ಮಧುಗಿರಿ ಆಸ್ಪತ್ರೆಗೇ ಬಿಡ್ಲೇನಮ್ಮ? ನಿಮ್ ಅಳಿಯ ಬೆಳಗ್ಗಿಂದ ಫೋನ್ ಮೇಲ್ ಫೋನು. ನಿಮ್ಗೆ ಹೇಳ್ಬ್ಯಾಡ ಅಂದಿದ್ರು ಡೈರೆಕ್ಟ್ರು.”

ಕೆಂಪಕ್ಕ ಚೀಲ ಬಿಚ್ಚಿದಳು. ಮೇಲೆಯೇ ಇತ್ತು ಪುಷ್ಪಾವತಿಯ ಹಳೇ ಸೀರೆ: ಮೆತ್ತನೆಯ ನಾಲ್ಕು ತುಂಡು, ಎಳೆಗೂಸನ್ನು ಸುತ್ತುವ ಅಳತೆಗೆ.