ಡೈಲಾಗಿಗೆ ಮಲಗಿದ ಕೋಶ

ಒಂದೇ ಡೈಲಾಗಿಗೆ ಮಿದುಳಿನ ಕೋಶವನ್ನೇ ಮಲಗಿಸಿದ ಗಂಡುಗಲಿಯನ್ನು ನೋಡಿದ್ದೀರಾ? ನಮ್ಮ ಲ್ಯಾಬಿನ ತರಲೆ ಮಲಗಿಸಿದ!

ಇಲಿಯ ಮಿದುಳಿನ ಹೋಳಿನಲ್ಲಿ, ಎಚ್ಚರ ಕಾಯುವ ಒಂದು ಕೋಶಕ್ಕೆ ನಾವೆಲ್ಲ ಅಕ್ಕ ಎಂದು ಕರೆಯುವ ಲ್ಯಾಬಿನ ಸಂಶೋಧಕಿ ಗಾಜಿನ ಸೂಜಿ ತಾಗಿಸಿದ್ದಳು. ಸ್ಪೀಕರಿನಲ್ಲಿ ಅದರ ಮಿಡಿತ ಟಕಟಕ ಕೇಳುತ್ತಿತ್ತು. ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ತೆರೆದರೆ ಅದು ಸುಮ್ಮನಾಗುತ್ತದೆ ಎಂಬುದು ಅವಳ ವಾದ. ಅದನ್ನು ಸಾಬೀತು ಮಾಡಲು ಉಳಿದಿದ್ದು ಇದೊಂದೇ ಕೋಶ.

ತರಲೆ ಬಗ್ಗಿ, "ಮಲ್ಕೋ ಮರಿ, ಅಣ್ಣ ಬಂದಿದೀನಿ!" ಎಂದ. ಸ್ಪೀಕರ್ ಗಪ್‌ಚುಪ್.

"ಅಯ್ಯೋ ಪಾಪಿ, ಸಾಯಿಸಿಬಿಟ್ಯಲ್ಲೋ!" ಅಕ್ಕ ಸೂಜಿ ಎತ್ತಲು ಹೊರಟಳು. ತರಲೆ ಅವಳ ಕೈ ಹಿಡಿದ. "ತಾಳಕ್ಕಾ, ಎಬ್ಬಿಸ್ತೀನಿ."

ಸ್ವಲ್ಪ ಹೊತ್ತಿಗೆ ಟಕ್. ಆಮೇಲೆ ಟಕಟಕ.

"ಅಂದ್ರೆ ಸತ್ತಿರ್ಲಿಲ್ಲ, ಮಲಗಿತ್ತು!" ಅಕ್ಕನ ಕಣ್ಣು ಅರಳಿತು.

ಸರಿ, ಒಪ್ಪಿಕೊಂಡೆ, ಡೈಲಾಗು ಬರೀ ಬಿಲ್ಡಪ್ಪು. ಅಕ್ಕ ಮೈಮರೆತಿದ್ದಾಗ, ಆ ಪೊಟ್ಯಾಸಿಯಂ ಬಾಗಿಲು ತೆರೆಸುವ ಔಷಧಿಯನ್ನು ಹೋಳಿಗೆ ಹರಿಸುವ ನಲ್ಲಿಯನ್ನು ತರಲೆ ಮೆಲ್ಲಗೆ ತಿರುಗಿಸಿದ್ದ. ಅವಳು ಕಿರುಚಿದಾಗ ಹೆದರಿ ಮುಚ್ಚಿದ್ದ; ಔಷಧಿ ತೊಳೆದುಹೋದ ಮೇಲೆ ಕೋಶ ತಾನೇ ಎದ್ದಿತ್ತು. ಗೆದ್ದಿದ್ದು ಅಕ್ಕನ ವಾದವೇ.