ಒಂದೇ ಮಗ್ಗುಲ ಸಾಣೆ

ಒದ್ದೆ ಸಾಣೆಕಲ್ಲು, ಸುಟ್ಟ ಎಣ್ಣೆ, ಕಾದ ಕಬ್ಬಿಣ. ಬಾಗಿಲು ತೆರೆಯುತ್ತಲೇ ಆ ವಾಸನೆ ಅವಳ ಮುಖಕ್ಕೆ ಬಡಿಯಿತು. ಚಿಕ್ಕವಳಿದ್ದಾಗ ಅಪ್ಪನ ಅಂಗಿಯಲ್ಲಿ ಇದೇ ವಾಸನೆ ಇರುತ್ತಿತ್ತು. ಅಪ್ಪ ಸತ್ತ ದಿನ ಅದಕ್ಕೆ ರಕ್ತದ ವಾಸನೆಯೂ ಸೇರಿತ್ತು.

ಅಪ್ಪನನ್ನು ಕೊಂದವನು ಹೊಸ್ತಿಲಲ್ಲಿ ನಿಂತು ನಗುತ್ತಿದ್ದ.

ಚಾಕುಗಳ ಹುಚ್ಚಿನವರು ಬರುವುದೆಂದರೆ ತನಗೆ ಹಬ್ಬ ಎನ್ನುತ್ತ ಅವನು ಚೀಲಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ. ಬಟ್ಟೆಗಳ ಅಡಿಯಲ್ಲಿ ಚಾಕು ಇತ್ತು.

ಅವನನ್ನು ಹುಡುಕುವುದು ಕಷ್ಟವಾಗಿರಲಿಲ್ಲ. ಹವ್ಯಾಸಕ್ಕೆ ಹವ್ಯಾಸ ಹೊಂದಿಸಿ ಪ್ರವಾಸಿಗಳಿಗೆ ಉಳಿಯಲು ಮನೆ ತೋರಿಸುವ ಜಾಲತಾಣವೊಂದಿದೆ. ಹಕ್ಕಿ ನೋಡುವವರಿಗೆ ಹಕ್ಕಿ ಹುಚ್ಚಿನವರ ಮನೆ, ಹಾಡುವವರಿಗೆ ಹಾಡುಗಾರರ ಮನೆ. ಚಾಕು ಮಾಡುವವರ ಮನೆ ಹುಡುಕಿದಾಗ ಅಪ್ಪನ ಹಳೆಯ ಪಾಲುದಾರನ ಮುಖ ಕಣ್ಣಿಗೆ ಬಿದ್ದಿತ್ತು. ಜೈಲು ಮುಗಿಸಿ ಬಂದವನು ಈಗ ಅತಿಥಿಗಳಿಗೆ ಹಾಸಿಗೆ ಹಾಸುತ್ತಿದ್ದ. ಅವಳು ಸುಳ್ಳು ಹೆಸರು ಕೊಟ್ಟು ಬಂದಳು.

ದಾರಿ ಕೇಳಿದಾಗ ಮೂಲೆಯಂಗಡಿಯ ಹೆಂಗಸು ನಕ್ಕಿದ್ದಳು. "ಸಾಣೆಯಜ್ಜನ ಮನೆಗಾ? ಊಟ ಚೆನ್ನಾಗಿರುತ್ತೆ. ಬರೋವಾಗ ಬೆರಳು ಮಾತ್ರ ಎಣಿಸ್ಕೊಂಡು ಬನ್ನಿ."

ಅಪ್ಪ ಸತ್ತ ದಿನದ್ದು ಅವಳ ನೆನಪಿನಲ್ಲಿ ಉಳಿದಿದ್ದು ಒಂದೇ ಚಿತ್ರ. ಕುಲುಮೆಯ ನೆಲದ ಮೇಲೆ ಅಪ್ಪ. ಅವನ ಮೇಲೆ ಬಾಗಿದ್ದ ಈ ಮನುಷ್ಯ, ಮೊಣಕೈವರೆಗೆ ಕೆಂಪು. "ಕಣ್ಣು ಮುಚ್ಚಿಕೋ ಮರಿ" ಎಂದಿದ್ದ. ಅದಕ್ಕೂ ಹಿಂದಿನದೆಲ್ಲ ಮಸಿ ಬಳಿದ ಹಾಗೆ. ನ್ಯಾಯಾಲಯದಲ್ಲಿ ವಾದಕ್ಕೂ ನಿಲ್ಲದೆ ತಪ್ಪೊಪ್ಪಿಕೊಂಡನಂತೆ. ಅಮ್ಮನ ಮುಂದೆ ಆ ಮಾತೆತ್ತಿದರೆ ಅವಳು ಮುರಿದು ಸೊಟ್ಟಗೆ ಕೂಡಿಕೊಂಡ ಬಲಗೈ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಗಂಡನಿಗಾಗಿ ಒಮ್ಮೆಯೂ ಅತ್ತವಳಲ್ಲ.

ಅಮ್ಮ ತೀರಿಕೊಂಡ ಮೇಲೆ ಪೆಟ್ಟಿಗೆಯ ತಳದಲ್ಲಿ, ಹೂವಿನ ಫ್ರಾಕಿನ ಹರಕಿನಲ್ಲಿ ಸುತ್ತಿಟ್ಟಿದ್ದ ಈ ಚಾಕು ಸಿಕ್ಕಿತು. ಅಲಗಿನ ಮೇಲೆ ಅಪ್ಪನ ಕುಲುಮೆಯ ಗುರುತು. ಹಿಡಿ ಮಾತ್ರ ಗಿಡ್ಡ. ಕಿರುಬೆರಳು ಹೊರಗೇ ಉಳಿಯುತ್ತಿತ್ತು. ಕುಂಬಳಕಾಯಿ ಕಡಿದು ನೋಡಿದರೆ ಓರೆಗೆ ಜಾರುತ್ತಿತ್ತು. ಆದರೂ ಅವಳಿಗೆ ಇದೇ ಬೇಕಿತ್ತು. ಅಪ್ಪನ ಚಾಕುವಿನಿಂದಲೇ ಅಪ್ಪನ ಲೆಕ್ಕ ತೀರಬೇಕು.

ಮಧ್ಯಾಹ್ನ ಅವನು ಗಜ್ಜರಿಯ ಸೂಪು ತಂದಿಟ್ಟ. ಬಟ್ಟಲನ್ನು ಬಿಸಿನೀರಿನಲ್ಲಿ ಕಾಯಿಸಿಕೊಂಡಿದ್ದ. ಅಲುಗಾಡುತ್ತಿದ್ದ ಕುರ್ಚಿಯ ಕಾಲಿಗೆ ಅವಳು ಹೇಳದೆಯೇ ರಟ್ಟು ಮಡಚಿ ಒತ್ತು ಕೊಟ್ಟ. ಚಮಚ ಎಡಗಡೆ ಇತ್ತು. ಅವಳು ಅದನ್ನು ಬಲಕ್ಕೆ ಸರಿಸಿಕೊಂಡಳು. ಮರುದಿನ ಬೆಳಿಗ್ಗೆಯೂ ಎಡಕ್ಕೇ ಇಟ್ಟ. ಅರವತ್ತಕ್ಕೆ ಅರಳುಮರಳು ಎಂದುಕೊಂಡಳು.

ತಿಂಡಿಯಾದ ಮೇಲೆ ಕುಲುಮೆ ತೋರಿಸಿದ. ಗೋಡೆಯ ತುಂಬ ಚಾಕುಗಳು.

"ನಮ್ಮಲ್ಲಿ ಎರಡೂ ಕಡೆ ಸಾಣೆ ಹಿಡಿಯಲ್ಲ, ಒಂದೇ ಮಗ್ಗುಲು. ಯಾರ ಕೈಗೆ ಮಾಡಿದ್ವೋ ಆ ಕೈಗೆ ಮಾತ್ರ ನೆಟ್ಟಗೆ ಕಡಿಯುತ್ತೆ. ಬೇರೆ ಕೈಗೆ ಹೋದ್ರೆ ಜಾರುತ್ತೆ." ಅವನು ಸಾಣೆಕಲ್ಲಿನ ಕಡೆ ತಿರುಗಿ ಕೂತ. "ಚಾಕು ನೋಡೋಕೆ ಬಂದವರು ಬರಿಗೈಲಿ ಬರಲ್ಲ. ತಂದಿದ್ದನ್ನ ತೆಗೀರಿ."

ಅವಳು ತೆಗೆದಳು.

ಕುತ್ತಿಗೆಗೆ ಗುರಿಯಿಟ್ಟು ಬೀಸಿದಳು. ಅಲಗು ಓರೆಗೆ ಹೊರಳಿ ಕಿವಿಯನ್ನು ಸೀಳಿಕೊಂಡು ಹೆಗಲಿಗಿಳಿಯಿತು. ಅವನು ತಿರುಗಿ ಅವಳ ಮಣಿಕಟ್ಟು ಹಿಡಿದ. ಇಬ್ಬರೂ ನೀರಿನ ತೊಟ್ಟಿಯ ಮೇಲೆ ಉರುಳಿದರು. ಇಕ್ಕಳಗಳು ಮೈಮೇಲೆ ಬಿದ್ದವು. ಅವಳು ಅವನ ಕೈಯನ್ನು ಮೂಳೆ ಹಲ್ಲಿಗೆ ಸಿಗುವವರೆಗೆ ಕಚ್ಚಿದಳು, ಮೊಣಕಾಲಿನಿಂದ ಬಾಯಿಗೆ ಗುದ್ದಿದಳು. ಹಲ್ಲೊಂದು ನೆಲದ ಮೇಲೆ ಟಣ್ಣೆಂದಿತು. ಚಾಕು ಜಾರಿ ದೂರ ಹೋಯಿತು. ತಡಕಾಡಿ ಸಿಕ್ಕ ಕೈಯಲ್ಲಿ ಅದನ್ನು ಎತ್ತಿಕೊಂಡು ಅವನ ಎದೆಯ ಮೇಲೆ ಕೂತಳು.

ಈ ಸಲ ಅಲಗು ಜಾರಲಿಲ್ಲ. ನೂಲು ಹಿಡಿದಂತೆ ನೆಟ್ಟಗೆ ಅವನ ಗಂಟಲಿನ ಮೇಲೆ ನಿಂತಿತು. ಕೆಂಪು ಗೆರೆ ಮೂಡಿತು.

"ಅಪ್ಪನ್ನ ಯಾಕೆ ಕೊಂದೆ?"

ಅವನು ಕೈಕಾಲು ಸಡಿಲಬಿಟ್ಟ. ಚಾಕುವನ್ನಲ್ಲ, ಚಾಕು ಹಿಡಿದ ಕೈಯನ್ನು ನೋಡುತ್ತಿದ್ದ. ಅವಳೂ ನೋಡಿದಳು.

ಎಡಗೈ.

ಅಪ್ಪ ಸತ್ತ ವಾರವೇ ಅಮ್ಮ ಆ ಕೈಯನ್ನು ಬಟ್ಟೆಯಿಂದ ಸೊಂಟಕ್ಕೆ ಕಟ್ಟಿದ್ದಳು. ಬಲಗೈಯಲ್ಲಿ ಉಣ್ಣುವುದು, ಬರೆಯುವುದು ಬರುವವರೆಗೆ ಬಿಚ್ಚಿರಲಿಲ್ಲ. ಅವಳು ಎಡಚಿ ಎಂಬುದು ಅಮ್ಮನನ್ನು ಬಿಟ್ಟು ಇನ್ನಾರಿಗೂ ಗೊತ್ತಿಲ್ಲವೆಂದೇ ಅವಳು ತಿಳಿದಿದ್ದಳು. ಗೊತ್ತಿರುವವನೊಬ್ಬ ನಿನ್ನೆಯಿಂದ ಚಮಚವನ್ನು ಎಡಗಡೆ ಇಡುತ್ತಿದ್ದ.

"ಪೊಲೀಸರಿಗೆ ನಾನು ಕೊಟ್ಟಿದ್ದು ದೊಡ್ಡ ಚಾಕು," ರಕ್ತ ನುಂಗುತ್ತ ಅವನು ಹೇಳಿದ. "ಇದನ್ನ ಮಾಡಿದ್ದೂ ನಾನೇ, ಗಜ್ಜರಿ ಹೆಚ್ಚೋಕೆ ಹಟ ಮಾಡ್ತಿದ್ದ ಒಂದು ಮಗೂಗೆ."

ಮಸಿಯ ಹಿಂದಿನಿಂದ ಒಂದೊಂದೇ ಮೇಲೆ ಬಂತು. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಅಪ್ಪ ಒತ್ತಿ ಹಿಡಿದ ಅಮ್ಮನ ಬೆರಳುಗಳು. ಅಪ್ಪನ ಸುತ್ತಿಗೆ. ಮೊದಲ ಏಟಿನ ಸದ್ದು. ಎರಡನೆಯದಕ್ಕೆ ಎತ್ತಿದ ತೋಳಿನ ಕೆಳಗೆ ಬಾಗಿದ್ದ ಅಪ್ಪನ ಕುತ್ತಿಗೆ, ಆಗಿನ ಅವಳ ಎತ್ತರಕ್ಕೆ ಸರಿಯಾಗಿ. ಅವಳ ಎಡಗೈಯ ಅಲಗು ಓರೆಯಾಗಲೇ ಇಲ್ಲ.

ಅವಳ ಬೆರಳುಗಳು ಬಿಚ್ಚಿಕೊಂಡವು. ಅವನು ಅವಳನ್ನು ಸರಿಸಿ ಮೆಲ್ಲಗೆ ಎದ್ದು, ಚಾಕುವನ್ನು ಒರೆಸಿ, ಗಿಡ್ಡ ಹಿಡಿಯನ್ನು ಅವಳ ಅಂಗೈಗೆ ಹೊಂದಿಸಿ ನೋಡಿದ.

"ಕೈ ಬೆಳೆದುಬಿಟ್ಟಿದೆ ಮರಿ. ಆಗ ಸರಿಯಾಗಿತ್ತು."

ಆಮೇಲೆ ಕಿವಿಗೆ ಬಟ್ಟೆ ಒತ್ತಿಕೊಂಡು ಅಡುಗೆಮನೆಗೆ ಹೋದ. ಮರಳಿ ಬಂದು ಸೂಪಿನ ಬಿಸಿ ಬಟ್ಟಲನ್ನು ಅವಳ ಮುಂದಿಟ್ಟ. ಚಮಚ ಎಡಗಡೆ ಇತ್ತು.